ತುಕ್ಕು ಕಾಣುವ ಮುನ್ನ

ಉಕ್ಕಿನ ಸೇತುವೆಗೆ ಬಳಿದ ಬಣ್ಣವು ಬರಿಯ ಅಲಂಕಾರವಲ್ಲ, ಕವಚ. ಆ ಕವಚವು ಸೋತಿತೆಂದು ನಾವು ಅರಿಯುವುದು ಯಾವಾಗ? ಗುಳ್ಳೆಯೆದ್ದು ತುಕ್ಕು ಕಂಡ ಮೇಲೆ! ಅಷ್ಟರಲ್ಲಿ ಲೋಹವು ಸವೆಯತೊಡಗಿರುತ್ತದೆ.

ಕಣ್ಣಿಗೆ ಕಾಣದುದನ್ನು ವಿದ್ಯುನ್ಮಾಪಕವು ಕಾಣಬಲ್ಲುದು. ನೀರೂ ಲವಣದ ಅಯಾನುಗಳೂ ಲೇಪದೊಳಕ್ಕೆ ಇಳಿದಂತೆಲ್ಲ ಅದರ ವಿದ್ಯುತ್ ರೋಧವು ಕುಗ್ಗುತ್ತದೆ. 1948ರಲ್ಲಿ ಬೇಕನ್, ಸ್ಮಿತ್ ಮತ್ತು ರಗ್ ಎಂಬ ಸಂಶೋಧಕರು ಸುಮಾರು 300 ಬಗೆಯ ಲೇಪಗಳನ್ನು ಸಮುದ್ರದ ನೀರಿನಲ್ಲಿರಿಸಿ ಪರೀಕ್ಷಿಸಿದರು. ಒಂದು ಚದರ ಸೆಂಟಿಮೀಟರ್ ಲೇಪದ ರೋಧವು 10 ಕೋಟಿ ಓಮ್‌ಗಿಂತ ಹೆಚ್ಚಿದ್ದರೆ ಉಕ್ಕಿಗೆ ಒಳ್ಳೆಯ ರಕ್ಷಣೆ. 10 ಲಕ್ಷಕ್ಕಿಂತ ಕೆಳಗಿಳಿದರೆ ರಕ್ಷಣೆ ಇಲ್ಲದಂತೆಯೇ ಎಂಬುದು ಅವರು ಕಂಡ ಫಲ. ಇಂದು 10–20 ಮಿಲಿವೋಲ್ಟಿನಷ್ಟು ಪುಟ್ಟ ಪರ್ಯಾಯ ವಿದ್ಯುತ್ತಿನಿಂದ, ಲೇಪವನ್ನು ಕೆಡಿಸದೆಯೇ ಈ ಅಳತೆ ಸಾಧ್ಯ.

ಒಂದೆಡೆಯ ಅಳತೆ ಇಡೀ ಸೇತುವೆಯ ಸ್ಥಿತಿಯನ್ನು ಹೇಳಲಾರದೆಂಬ ಆಕ್ಷೇಪವುಂಟು. ಅದು ನಿಜ. ಆದುದರಿಂದಲೇ ನೀರು ನಿಲ್ಲುವ ಸಂದುಗಳನ್ನೂ ಬೆಸುಗೆಗಳನ್ನೂ ಆರಿಸಿ, ಅದೇ ಸ್ಥಳಗಳಲ್ಲಿ ವರ್ಷವರ್ಷವೂ ಅಳೆಯಬೇಕು. ಒಂದು ಅಂಕಿಗಿಂತ ಅಂಕಿಗಳ ಇಳಿತವೇ ಮುಖ್ಯ.

ಪಂಚಾಂಗ ನೋಡಿ ಬಣ್ಣ ಬಳಿದರೆ ಹಣ ವ್ಯರ್ಥ. ತುಕ್ಕು ನೋಡಿ ಬಳಿದರೆ ಉಕ್ಕು ವ್ಯರ್ಥ. ಅಳೆದು ಬಳಿಯುವುದೇ ವಿವೇಕ.