ಹತ್ತಿದ ಏಣಿಯನ್ನು ಒದೆಯಬೇಡಿ

2009ರ ಜುಲೈ 1ರಂದು ಅರ್ಸುಲಾ ಬರ್ನ್ಸ್ ಎಂಬ ಎಂಜಿನಿಯರ್ ಜೆರಾಕ್ಸ್ ಕಂಪನಿಯ ಸಿಇಒ ಆದರು. ಅಮೆರಿಕದ ಅತಿದೊಡ್ಡ ಐನೂರು ಕಂಪನಿಗಳ ಪೈಕಿ ಒಂದರ ಚುಕ್ಕಾಣಿ ಕಪ್ಪು ಮಹಿಳೆಯೊಬ್ಬರ ಕೈಗೆ ಬಂದದ್ದು ಅದೇ ಮೊದಲು. ಇಂಥ ಸುದ್ದಿಗೆ ನಾವು ಮನಸಾರೆ ಚಪ್ಪಾಳೆ ತಟ್ಟುತ್ತೇವೆ. ಕಾಲೇಜು ವಾರ್ಷಿಕೋತ್ಸವಗಳಲ್ಲಿ ಹೇಳಿಕೊಳ್ಳುತ್ತೇವೆ: ನೋಡಿ, ಛಲವೊಂದಿದ್ದರೆ ಯಾರು ಬೇಕಾದರೂ ಮೇಲೆ ಬರಬಹುದು. ಈ ಮಾತಿಗೆ ನನ್ನ ತಕರಾರಿದೆ. ಛಲ ಇತ್ತು, ಬೇಕಾದಷ್ಟಿತ್ತು. ಆದರೆ ಛಲವೊಂದೇ ಅವರನ್ನು ಅಲ್ಲಿಗೆ ಮುಟ್ಟಿಸಿತು ಎನ್ನುವುದು ಸುಳ್ಳು. ಆ ಸುಳ್ಳನ್ನು ನಂಬಿದ ಸಮಾಜ ಅವರ ಹಿಂದೆ ಬರುತ್ತಿರುವ ಹುಡುಗಿಯರ ದಾರಿಯನ್ನು ಮುಚ್ಚುತ್ತದೆ, ಮುಚ್ಚಿದ್ದು ತನಗೇ ಗೊತ್ತಾಗದ ಹಾಗೆ.

ಬರ್ನ್ಸ್ ಹುಟ್ಟಿದ್ದು 1958ರಲ್ಲಿ, ನ್ಯೂಯಾರ್ಕಿನಲ್ಲಿ. ಬೆಳೆದದ್ದು ಮ್ಯಾನ್‌ಹಟನ್ನಿನ ಲೋಯರ್ ಈಸ್ಟ್ ಸೈಡ್‌ನಲ್ಲಿ, ಬಡವರಿಗೆಂದು ಸರ್ಕಾರ ಕಟ್ಟಿಸಿದ ವಸತಿ ಸಮುಚ್ಚಯದಲ್ಲಿ. ತಾಯಿ ಒಲ್ಗಾ ಪನಾಮಾದಿಂದ ವಲಸೆ ಬಂದಾಕೆ. ಗಂಡನ ಆಸರೆಯಿಲ್ಲದೆ ಮೂರು ಮಕ್ಕಳನ್ನು ಸಾಕಿದರು. ಬೇರೆಯವರ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಂಡರು, ಬಟ್ಟೆ ಇಸ್ತ್ರಿ ಮಾಡಿದರು, ವೈದ್ಯರ ಕ್ಲಿನಿಕ್ ಗುಡಿಸಿ ಒರೆಸಿ ಅದರ ಬದಲಿಗೆ ತಮ್ಮ ಮಕ್ಕಳಿಗೆ ಔಷಧೋಪಚಾರ ಪಡೆದರು. ಆ ದುಡಿಮೆಯಲ್ಲಿ ಫೀ ಹೊಂದಿಸಿ ಮಗಳನ್ನು ಕ್ಯಾಥೊಲಿಕ್ ಹೆಣ್ಣುಮಕ್ಕಳ ಶಾಲೆಗೆ ಕಳಿಸಿದರು. ಹೆಣ್ಣುಮಗಳಿಗೆ ಮುಂದೆ ಇರುವುದು ಮೂರೇ ದಾರಿ ಎಂದು ಅಲ್ಲಿ ಹೇಳಿಕೊಡುತ್ತಿದ್ದರು: ನನ್ ಆಗಬೇಕು, ಟೀಚರ್ ಆಗಬೇಕು, ಇಲ್ಲ ನರ್ಸ್ ಆಗಬೇಕು. ಹುಡುಗಿಗೆ ಗಣಿತ ಚೆನ್ನಾಗಿ ಬರುತ್ತಿತ್ತು. ಎಂಜಿನಿಯರಿಂಗ್ ಓದುತ್ತೇನೆ ಎಂದಳು.

ಮುಂದಿನದನ್ನು ನಮ್ಮ ಭಾಷಣಗಳು ಹಾರಿಸಿಬಿಡುತ್ತವೆ. ನ್ಯೂಯಾರ್ಕ್ ರಾಜ್ಯದಲ್ಲಿ 1969ರಲ್ಲಿ ಒಂದು ಕಾರ್ಯಕ್ರಮ ಶುರುವಾಗಿತ್ತು. ಬಡ ಮನೆಗಳಿಂದ ಬಂದು, ಒಳ್ಳೆಯ ಶಾಲಾ ತಯಾರಿ ಇಲ್ಲದೆ ಖಾಸಗಿ ಕಾಲೇಜು ಸೇರುವ ಮಕ್ಕಳಿಗೆ ಫೀ ನೆರವು, ಹೆಚ್ಚುವರಿ ಪಾಠ, ಮಾರ್ಗದರ್ಶನ ಎಲ್ಲವನ್ನೂ ರಾಜ್ಯದ ಹಣದಲ್ಲಿ ಕೊಡುವ ಕಾರ್ಯಕ್ರಮ ಅದು. ಬ್ರೂಕ್ಲಿನ್ನಿನ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟ್‌ಗೆ ಬರ್ನ್ಸ್ ಸೇರಿದ್ದು, ಅಲ್ಲಿ ಉಳಿದುಕೊಂಡದ್ದು ಅದರ ಬಲದಿಂದ. 1980ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಅದೇ ಬೇಸಿಗೆಯಲ್ಲಿ ಜೆರಾಕ್ಸ್‌ನಲ್ಲಿ ಇಂಟರ್ನ್ ಆದರು. ಅಲ್ಪಸಂಖ್ಯಾತ ಸಮುದಾಯಗಳ ಎಂಜಿನಿಯರುಗಳಿಗಾಗಿ ಕಂಪನಿ ನಡೆಸುತ್ತಿದ್ದ ಯೋಜನೆಯಡಿ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಓದಿನ ಖರ್ಚಿನಲ್ಲಿ ಒಂದು ಪಾಲನ್ನು ಕಂಪನಿಯೇ ಹೊತ್ತಿತು. 1981ರಲ್ಲಿ ಓದು ಮುಗಿಸಿ ಅಲ್ಲೇ ಕಾಯಂ ನೌಕರರಾದರು.

ಒಟ್ಟಿಗೆ ಇಟ್ಟು ನೋಡಿ. ತಲೆಯ ಮೇಲಿನ ಸೂರು ಸಾರ್ವಜನಿಕ ಹಣದ್ದು. ಕಾಲೇಜಿನ ನೆರವು ರಾಜ್ಯದ್ದು. ಉನ್ನತ ಪದವಿಗೆ ಕೈಹಿಡಿದದ್ದು ಕಂಪನಿಯ ವಿಶೇಷ ಯೋಜನೆ. ತಾಯಿಯ ಬೆವರು ಇವೆಲ್ಲಕ್ಕೂ ಮೊದಲಿನದು. ಇದರಲ್ಲಿ ಯಾವುದೂ ಅವರ ಪರೀಕ್ಷೆಯನ್ನು ಬರೆದುಕೊಡಲಿಲ್ಲ, ಯಂತ್ರದ ವಿನ್ಯಾಸ ಮಾಡಿಕೊಡಲಿಲ್ಲ. ಇವೆಲ್ಲ ಪರೀಕ್ಷಾ ಕೊಠಡಿಯ ಬಾಗಿಲವರೆಗೆ ಅವರನ್ನು ತಲುಪಿಸಿದವು, ಅಷ್ಟೆ. ಬಡವರ ಮಗಳಿಗೆ ಆ ಬಾಗಿಲೇ ಅತ್ಯಂತ ದೂರದ ಜಾಗ. ಇಂಥ ಅವಕಾಶದ ಕಾರ್ಯಕ್ರಮಗಳಿಂದಲೇ ತಾವು ಬಂದದ್ದೆಂದು ಬರ್ನ್ಸ್ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅದರಲ್ಲಿ ಅವರಿಗೆ ಸಂಕೋಚವಿಲ್ಲ. ಸಂಕೋಚ ಇರುವುದು ಅವರ ಕಥೆ ಹೇಳುವ ನಮಗೆ.

ನಮ್ಮ ನಾಡಿನ ಎಂಜಿನಿಯರುಗಳಿಗೆ ಇದು ದೂರದ ದೇಶದ ಮಾತು ಅನಿಸಬಾರದು. ನಾವು ಸೆಪ್ಟೆಂಬರ್ 15ರಂದು ಯಾರ ಭಾವಚಿತ್ರಕ್ಕೆ ಹಾರ ಹಾಕುತ್ತೇವೋ ಆ ವಿಶ್ವೇಶ್ವರಯ್ಯನವರು ಹುಡುಗನಾಗಿದ್ದಾಗ ತಂದೆಯನ್ನು ಕಳೆದುಕೊಂಡವರು, ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಪುಣೆಗೆ ಹೋಗಿ ಎಂಜಿನಿಯರಿಂಗ್ ಕಲಿಯಲು ಅವರಿಗೆ ಸಿಕ್ಕಿದ್ದು ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನ. ಅಂದರೆ ಮೈಸೂರಿನ ರೈತ ಕಟ್ಟಿದ ಕಂದಾಯ. ಅವರು ಕಟ್ಟಿಸಿದ ಕನ್ನಂಬಾಡಿಯ ಕಟ್ಟೆಯಾಗಿ ಆ ಹಣ ಅದೇ ರೈತನ ಗದ್ದೆಗೆ ಹಿಂತಿರುಗಿತು. ಆದರೆ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ವಿಷಯಕ್ಕೆ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ, ಆಡಳಿತದ ದಕ್ಷತೆ ಕುಂದುತ್ತದೆಂಬ ಆತಂಕದಿಂದ ದಿವಾನ ವಿಶ್ವೇಶ್ವರಯ್ಯನವರು ಅದನ್ನು ಒಪ್ಪಲಿಲ್ಲ. ಅವರು ದಿವಾನಗಿರಿ ಬಿಟ್ಟ ಕಾರಣಗಳಲ್ಲಿ ಅದೂ ಒಂದು. ಅವರ ಮೇಲಿನ ಪೂರ್ಣ ಗೌರವದಿಂದಲೇ ಹೇಳುತ್ತೇನೆ: ಆ ವಿಷಯದಲ್ಲಿ ಮಹಾರಾಜರ ದಾರಿ ಸರಿಯಿತ್ತು. ನೂರು ವರ್ಷಗಳಲ್ಲಿ ಕರ್ನಾಟಕದಿಂದ ಎದ್ದುಬಂದ ವೈದ್ಯರು, ಎಂಜಿನಿಯರುಗಳು, ಪ್ರಾಧ್ಯಾಪಕರಲ್ಲಿ ಎಷ್ಟು ಜನ ಆ ದಾರಿಯಲ್ಲಿ ನಡೆದು ಬಂದವರು ಎಂಬುದೇ ಇದಕ್ಕೆ ಸಾಕ್ಷಿ.

ರಾಜೇಶ್ವರಿ ಚಟರ್ಜಿಯವರನ್ನೂ ನೆನೆಯಬೇಕು. 1922ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಅವರ ಮೊದಲ ಶಾಲೆ, ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರೆಯರಲ್ಲಿ ಒಬ್ಬರಾದ ಅಜ್ಜಿ ಕಮಲಮ್ಮ ದಾಸಪ್ಪನವರು ಕಟ್ಟಿದ್ದು. ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಅಮೆರಿಕದ ಮಿಷಿಗನ್‌ಗೆ ಕಳಿಸಿತು. 1953ರಲ್ಲಿ ಡಾಕ್ಟರೇಟ್ ಪಡೆದು ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ಎಂಜಿನಿಯರಿಂಗ್‌ಗೆ ಬುನಾದಿ ಹಾಕಿದರು. ಅಜ್ಜಿ ಒಂದು ಶಾಲೆ ಕಟ್ಟಿದ್ದರು, ಸರ್ಕಾರ ಒಂದು ವೇತನ ಕೊಟ್ಟಿತು. ಆ ಎರಡು ಇರದಿದ್ದರೆ ಆ ಪ್ರತಿಭೆಯ ಸುಳಿವೂ ನಮಗೆ ಸಿಗುತ್ತಿರಲಿಲ್ಲ.

ಈಗ ಜೆರಾಕ್ಸ್‌ನೊಳಗಿನ ಒಂದು ಪ್ರಸಂಗ. ಈ ಬರಹ ಹುಟ್ಟಿದ್ದೇ ಅದರಿಂದ. 1989ರಲ್ಲಿ ಕಂಪನಿಯ ಒಂದು ಚರ್ಚಾಸಭೆ. ಎಲ್ಲ ಸಮುದಾಯದವರನ್ನು ಸೇರಿಸಿಕೊಳ್ಳುವ ಈ ಪ್ರಯತ್ನದಿಂದ ಗುಣಮಟ್ಟ ಇಳಿಯುವುದಿಲ್ಲವೇ ಎಂದು ಒಬ್ಬರು ಕೇಳಿದರು. ಹಿರಿಯ ಅಧಿಕಾರಿ ವೇಲ್ಯಾಂಡ್ ಹಿಕ್ಸ್ ಶಾಂತವಾಗಿ, ಸೌಜನ್ಯದಿಂದ, ಇಲ್ಲ ಎಂದು ಉತ್ತರ ಕೊಟ್ಟರು. ಸಭೆಯಲ್ಲಿದ್ದ ಬರ್ನ್ಸ್‌ಗೆ ಆ ಸೌಜನ್ಯವೇ ತಡೆಯಲಾಗಲಿಲ್ಲ. ಎದ್ದು ನಿಂತು, ಅಂಥ ಪ್ರಶ್ನೆಗೆ ಇಷ್ಟು ಮರ್ಯಾದೆ ಕೊಟ್ಟು ಉತ್ತರಿಸಿದ್ದೇಕೆ ಎಂದು ಎಲ್ಲರೆದುರು ಹಿಕ್ಸ್‌ರನ್ನೇ ತರಾಟೆಗೆ ತೆಗೆದುಕೊಂಡರು. ಆಮೇಲೆ ಹಿಕ್ಸ್ ಬರ್ನ್ಸ್‌ರನ್ನು ಕರೆಸಿ, ಮಾತಾಡಿದ ರೀತಿ ಸರಿಯಿಲ್ಲ ಎಂದು ಗದರಿದರು. ಗದರಿದವರು ಅಲ್ಲಿಗೇ ಬಿಡಲಿಲ್ಲ. ಆಗಾಗ ಕರೆದು ಮಾತಾಡಿಸತೊಡಗಿದರು, 1990ರ ಜನವರಿಯಲ್ಲಿ ತಮ್ಮ ಕಾರ್ಯನಿರ್ವಾಹಕ ಸಹಾಯಕಿಯ ಹುದ್ದೆಯನ್ನೇ ಕೊಟ್ಟರು. ಮರುವರ್ಷ ಕಂಪನಿಯ ಮುಖ್ಯಸ್ಥ ಪಾಲ್ ಅಲೇರ್ ಅವರೂ ಬರ್ನ್ಸ್‌ರನ್ನು ಸಹಾಯಕಿಯಾಗಿ ಬಯಸಿದರು. ಅದಕ್ಕೂ ಕಾರಣ ಇಂಥದೇ ಒಂದು ಪ್ರಶ್ನೆ. ತಿಂಗಳು ತಿಂಗಳು ನೇಮಕಾತಿ ನಿಲ್ಲಿಸಿದ್ದೇವೆ ಎನ್ನುತ್ತೀರಿ, ತಿಂಗಳು ತಿಂಗಳು ಸಾವಿರ ಜನ ಸೇರುತ್ತಿದ್ದಾರಲ್ಲ, ನಿಲ್ಲಿಸುವ ಅಧಿಕಾರ ನಿಜವಾಗಿ ಯಾರಿಗಿದೆ ಎಂದು ಬರ್ನ್ಸ್ ಸಭೆಯಲ್ಲಿ ಕೇಳಿದ್ದರು.

ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬರ್ನ್ಸ್‌ರ ಧೈರ್ಯಕ್ಕಿಂತ ಹೆಚ್ಚಾಗಿ ಹಿಕ್ಸ್ ನಡೆದುಕೊಂಡ ಬಗೆ. ಎದುರು ಮಾತಾಡಿದ ಕಿರಿಯ ಉದ್ಯೋಗಿಯನ್ನು ಮೂಲೆಗೆ ತಳ್ಳುವುದು ಅವರಿಗೆ ಸಲೀಸಾಗಿತ್ತು. ಯಾರೂ ಏಕೆಂದು ಕೇಳುತ್ತಿರಲಿಲ್ಲ. ಎಷ್ಟು ಕಚೇರಿಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಹೀಗೆ ಒಂದು ಮಾತಿಗೆ ಮೂಲೆ ಸೇರಿದ್ದಾರೆ! ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಗುಣಮಟ್ಟದ ಆ ಪ್ರಶ್ನೆಯಂತೂ ಬೆಂಗಳೂರಿಗೆ ಹೊಸದಲ್ಲ. ಊಟದ ಮೇಜಿನಲ್ಲಿ, ವಾಟ್ಸ್ಯಾಪ್ ಗುಂಪಿನಲ್ಲಿ, ನೇಮಕಾತಿ ಸಮಿತಿಯ ಕೊಠಡಿಯಲ್ಲಿ ದಿನವೂ ಕೇಳಿಬರುತ್ತದೆ. "ಮೆರಿಟ್ ಗತಿ ಏನು?" ಎನ್ನುತ್ತಾರೆ. ಪಕ್ಕದಲ್ಲೇ ಕುಳಿತು ಅದನ್ನು ಕೇಳಿಸಿಕೊಳ್ಳುತ್ತಿರುವ ಸಹೋದ್ಯೋಗಿ ಏನು ಅನುಭವಿಸುತ್ತಿದ್ದಾಳೆಂದು ಪ್ರಶ್ನೆ ಕೇಳಿದವರು ಯೋಚಿಸುವುದಿಲ್ಲ, ಸುತ್ತ ಇದ್ದವರು ಬಾಯಿ ಬಿಡುವುದಿಲ್ಲ. ಆ ಮೌನದಲ್ಲಿ ನಾವೂ ಪಾಲುದಾರರು.

ಬರ್ನ್ಸ್‌ರನ್ನು ದೇವತೆ ಮಾಡುವುದು ನನಗೆ ಬೇಕಿಲ್ಲ. 2000ದ ಹೊತ್ತಿಗೆ ಜೆರಾಕ್ಸ್ ದಿವಾಳಿಯ ಅಂಚಿಗೆ ಬಂದಿತ್ತು. ಆ್ಯನ್ ಮುಲ್ಕಾಹಿ ಸಿಇಒ ಆಗಿ, ಬರ್ನ್ಸ್ ಆಕೆಯ ಬಲಗೈಯಾಗಿ ಕಂಪನಿಯನ್ನು ಉಳಿಸಿದರು. ಉಳಿಸಿದ ಬೆಲೆ ಸಣ್ಣದಲ್ಲ. ತಯಾರಿಕೆಯ ದೊಡ್ಡ ಭಾಗವನ್ನು ಹೊರಗಿನವರಿಗೆ ಒಪ್ಪಿಸಬೇಕಾಯಿತು, ಅದಕ್ಕಾಗಿ ಕಾರ್ಮಿಕ ಸಂಘದೊಡನೆ ಕುಳಿತು ಮಾತುಕತೆ ನಡೆಸಿದವರು ಬರ್ನ್ಸ್. ಕೆಲವೇ ವರ್ಷಗಳಲ್ಲಿ ನೌಕರರ ಸಂಖ್ಯೆ ಹತ್ತಿರಹತ್ತಿರ ನೂರಕ್ಕೆ ನಲವತ್ತರಷ್ಟು ಇಳಿಯಿತು. ಜೆರಾಕ್ಸ್ ಕಾರ್ಖಾನೆಗಳಿದ್ದ ರಾಚೆಸ್ಟರ್ ಸುತ್ತಮುತ್ತಲಿನ ಎಷ್ಟೋ ಮನೆಗಳಿಗೆ ಆ ವರ್ಷಗಳು ಕೆಟ್ಟ ನೆನಪು. ಬರ್ನ್ಸ್ ಸಿಇಒ ಆದ ವರ್ಷವೇ 6.4 ಶತಕೋಟಿ ಡಾಲರಿಗೆ ಎಸಿಎಸ್ ಎಂಬ ಸೇವಾ ಕಂಪನಿಯನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡರು. ಕಾಗದದ ಪ್ರತಿ ತೆಗೆಯುವ ಯಂತ್ರಗಳಿಗೆ ಭವಿಷ್ಯ ಕಡಿಮೆ ಎಂದು ಅವರಿಗೆ ಗೊತ್ತಿತ್ತು. 2016ರ ಕೊನೆಗೆ ಆ ಎರಡೂ ವ್ಯವಹಾರಗಳು ಮತ್ತೆ ಬೇರೆಯಾದವು, ಅವರು ಸಿಇಒ ಹುದ್ದೆ ಬಿಟ್ಟರು. ಗೆಲುವೂ ಇದೆ, ಸೋಲೂ ಇದೆ. ಗಂಡಸರು ನಡೆಸುವ ಕಂಪನಿಗಳಲ್ಲೂ ಎರಡೂ ಇರುತ್ತವೆ. ಒಬ್ಬ ಪುರುಷ ಸಿಇಒ ಸೋತರೆ ಯಾರೂ ಎಲ್ಲ ಪುರುಷರ ಯೋಗ್ಯತೆಯನ್ನು ತೂಗುವುದಿಲ್ಲ. ಅಷ್ಟು ಸಾಧಾರಣವಾಗಿ ಸೋಲುವ ಹಕ್ಕು ಹೆಣ್ಣಿಗೂ ಬರಬೇಕು.

ಅವರು ಹೋದ ಮೇಲೆ ಆ ಐನೂರು ಕಂಪನಿಗಳಲ್ಲಿ ಕಪ್ಪು ಮಹಿಳೆ ಕಾಯಂ ಸಿಇಒ ಆಗಿ ಬಂದದ್ದು 2021ರಲ್ಲಿ, ಔಷಧ ಮಳಿಗೆಗಳ ಕಂಪನಿ ವಾಲ್‌ಗ್ರೀನ್ಸ್‌ಗೆ ರೊಸಲಿಂಡ್ ಬ್ರೂವರ್. ನಡುವೆ ನಾಲ್ಕು ವರ್ಷಕ್ಕೂ ಹೆಚ್ಚು ಆ ಜಾಗ ಖಾಲಿ. ಛಲವಿದ್ದರೆ ಸಾಕು ಎನ್ನುವವರು ಇದಕ್ಕೆ ಉತ್ತರ ಹೇಳಲಿ. ಆ ನಾಲ್ಕು ವರ್ಷ ಇಡೀ ಅಮೆರಿಕದ ಕಪ್ಪು ಹೆಣ್ಣುಮಕ್ಕಳಲ್ಲಿ ಛಲ ಬತ್ತಿಹೋಗಿತ್ತೇ?

ಏಣಿಯನ್ನು ಈಗ ಕಣ್ಣೆದುರೇ ಕಳಚಲಾಗುತ್ತಿದೆ. ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ತೆರೆ ಎಳೆಯಿತು. 2025ರ ಜನವರಿಯ ನಂತರ ಸರ್ಕಾರದ ಒತ್ತಡಕ್ಕೆ ಹಲವು ಕಂಪನಿಗಳು ಒಂದರ ಹಿಂದೊಂದು ಎಲ್ಲ ಸಮುದಾಯದವರನ್ನು ಸೇರಿಸಿಕೊಳ್ಳುವ ಯೋಜನೆಗಳನ್ನು ಕೈಬಿಟ್ಟವು. ಅಮೆರಿಕದಲ್ಲಿರುವ ಕನ್ನಡಿಗರೇ, ಇದು ನಮಗೆ ಸಂಬಂಧಿಸಿದ್ದಲ್ಲ ಎನ್ನಬೇಡಿ. 1965ಕ್ಕೆ ಮುಂಚೆ ಇಡೀ ಭಾರತದಿಂದ ಆ ದೇಶಕ್ಕೆ ವಲಸೆ ಹೋಗಲು ವರ್ಷಕ್ಕೆ ನೂರು ಜನರ ಮಿತಿಯಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಬಂದ ವಲಸೆ ಕಾಯ್ದೆ ಆ ಮಿತಿಯನ್ನು ಕಿತ್ತುಹಾಕಿತು. ಕಪ್ಪು ಜನ ಬೀದಿಯಲ್ಲಿ ಲಾಠಿ ತಿಂದು, ಜೈಲು ಸೇರಿ, ಪ್ರಾಣ ಕೊಟ್ಟು ನಡೆಸಿದ ನಾಗರಿಕ ಹಕ್ಕುಗಳ ಹೋರಾಟ ಎಬ್ಬಿಸಿದ ಅಲೆಯಲ್ಲೇ ಆ ಕಾಯ್ದೆಯೂ ಬಂತು. ನಿಮ್ಮ ಕನ್ನಡ ಕೂಟಗಳ 'ಅಕ್ಕ' ಸಮ್ಮೇಳನಗಳು, ನಿಮ್ಮ ಮನೆ, ನಿಮ್ಮ ಮಕ್ಕಳ ಕಾಲೇಜು ಎಲ್ಲದರ ತಳದಲ್ಲಿ ಆ ಜನರ ರಕ್ತವಿದೆ. ಅದೇ ಜನರ ಮಕ್ಕಳಿಗೆ ಬಾಗಿಲು ಮುಚ್ಚುವಾಗ ಮೆರಿಟ್ ಹೆಸರಿನಲ್ಲಿ ತಲೆದೂಗಿದರೆ ಅದು ಕೃತಘ್ನತೆ. ಬೇರೆ ಮೆತ್ತನೆಯ ಹೆಸರು ನನಗೆ ತೋಚುತ್ತಿಲ್ಲ.

ಊರಿನಲ್ಲಿರುವ ನಮಗೂ ಕೆಲಸವಿದೆ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಬೋಧನಾ ಶುಲ್ಕ ಮನ್ನಾ ಮಾಡಿ, ನೂರಕ್ಕೆ ಐದರಷ್ಟು ಹೆಚ್ಚುವರಿ ಸೀಟು ಕೊಡುವ ಎಸ್‌ಎನ್‌ಕ್ಯು ಯೋಜನೆ ಇದೆ. ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆ ನೆರವು ಕೊಡುವ ವಿದ್ಯಾಸಿರಿ ಇದೆ. ಹಾಸ್ಟೆಲುಗಳಿವೆ, ಮಠಗಳ ಅನ್ನವಿದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ. ಇವನ್ನು "ಬಿಟ್ಟಿ" ಎಂದು ಮೂದಲಿಸುವವರಲ್ಲಿ ಎಷ್ಟೋ ಜನ ಸರ್ಕಾರಿ ಕಾಲೇಜಿನ ಅಗ್ಗದ ಫೀಯಲ್ಲಿ ಓದಿ, ಸರ್ಕಾರಿ ವೇತನದಲ್ಲಿ ಪಿಎಚ್‌ಡಿ ಮಾಡಿದವರು. ಮೂದಲಿಸುವ ಮುನ್ನ ತಮ್ಮ ಓದಿನ ಖರ್ಚಿನಲ್ಲಿ ಊರ ಪಾಲು ಎಷ್ಟಿತ್ತೆಂದು ಒಮ್ಮೆ ಲೆಕ್ಕ ಹಾಕಲಿ.

ನೇಮಕಾತಿ ಸಮಿತಿಯಲ್ಲಿ ಕೂರುವ ಎಂಜಿನಿಯರುಗಳೇ, ರಾಯಚೂರಿನಿಂದ, ಚಾಮರಾಜನಗರದಿಂದ ಬಂದ ಹುಡುಗಿಯ ಅರ್ಜಿಯನ್ನು ಕಾಲೇಜಿನ ಹೆಸರು ನೋಡಿ ಪಕ್ಕಕ್ಕೆ ಸರಿಸಬೇಡಿ. ಇಂಗ್ಲಿಷ್ ತಡವರಿಸಿದ್ದನ್ನು ನೋಡಿ ಅವಳ ಗಣಿತವನ್ನು ಅಳೆಯಬೇಡಿ. ಹೆರಿಗೆ ಮುಗಿಸಿ ಮರಳಿ ಬಂದವಳಿಗೆ ಅವಳು ಬಿಟ್ಟುಹೋದ ಕೆಲಸವನ್ನೇ ಕೊಡಿ. ಎದುರು ಮಾತಾಡಿದ ಕಿರಿಯಳನ್ನು, ಹಿಕ್ಸ್ ಮಾಡಿದಂತೆ, ಬೇಕಾದರೆ ಗದರಿ, ಆಮೇಲೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಂಬಳ ಬರುತ್ತಿರುವ ನಾವೆಲ್ಲ ಓದಿದ ಸರ್ಕಾರಿ ಶಾಲೆಗೆ, ಕಾಲೇಜಿಗೆ, ಹಾಸ್ಟೆಲಿಗೆ ಹೋಗಿ, ಅಲ್ಲಿ ಈ ವರ್ಷ ಯಾವ ಹುಡುಗಿಯ ಪರೀಕ್ಷಾ ಶುಲ್ಕ ಬಾಕಿ ಇದೆಯೆಂದು ಕೇಳೋಣ. ಕೇಳಿ, ಕಟ್ಟಿ ಬರೋಣ.