ಗೇಮಿಂಗ್ ಲ್ಯಾಪ್‌ಟಾಪ್: ಘೋಷಿತ ಬೆಲೆ ಮತ್ತು ಅಂಗಡಿಯ ಬೆಲೆ

ಸಕಲೇಶಪುರ, ಆಲೂರು ಭಾಗದ ಕಂಪ್ಯೂಟರ್ ವರ್ತಕರು ಗೇಮಿಂಗ್ ಲ್ಯಾಪ್‌ಟಾಪ್‌ಗಳನ್ನು ಗಿರಾಕಿಯಿಂದ ಮುಂಗಡ ಪಡೆಯದೆ ತರಿಸಿ ದಾಸ್ತಾನು ಮಾಡುವುದು ಈಗಿನ ಪರಿಸ್ಥಿತಿಯಲ್ಲಿ ಉಚಿತವಲ್ಲವೆಂಬುದು ನಮ್ಮ ಅಭಿಪ್ರಾಯ.

ಎನ್‌ವಿಡಿಯಾ ಸಂಸ್ಥೆಯು 2025ರ ಜನವರಿಯಲ್ಲಿ ಆರ್‌ಟಿಎಕ್ಸ್ 50 ಸರಣಿಯನ್ನು ಪ್ರಕಟಿಸಿದಾಗ, 5070 ಟಿಐ ಚಿಪ್ ಉಳ್ಳ ಲ್ಯಾಪ್‌ಟಾಪ್‌ಗಳು ಮಾರ್ಚ್‌ನಿಂದ 1,599 ಡಾಲರಿಗೆ ಆರಂಭವಾಗುವುವೆಂದು ತಿಳಿಸಿತು. ಗಿರಾಕಿಯು ಇಂತಹ ಅಂಕಿಯನ್ನೇ ಹಿಡಿದು ಅಂಗಡಿಗೆ ಬರುತ್ತಾನೆ. ಡಾಲರಿಗೆ 86 ರೂಪಾಯಿಯಂತೆ ಅದು ಸುಮಾರು 1,37,500 ರೂ. ಆದರೆ ಅಮೆರಿಕದ ಆ ದರದಲ್ಲಿ ಮಾರಾಟ ತೆರಿಗೆ ಸೇರಿಲ್ಲ. ನಮ್ಮಲ್ಲಿ ಶೇ. 18 ಜಿಎಸ್‌ಟಿ ಕೂಡಿದೊಡನೆ 1,62,000 ದಾಟುತ್ತದೆ. ಲಂಡನ್ ರೋಬಸ್ಟಾ ದರಕ್ಕೂ ತೋಟದ ಬಾಗಿಲಿನ ಚೆರಿ ದರಕ್ಕೂ ಇರುವ ಅಂತರವನ್ನು ಬಲ್ಲ ಬೆಳೆಗಾರರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅವರ ಮಕ್ಕಳಿಗೆ ವಿವರಿಸುವುದು ಬೇರೆ ಮಾತು.

ಹೆಸರಿನ ಗೊಂದಲವೂ ಇದೆ. ಮೇಜಿನ ಕಂಪ್ಯೂಟರಿನ 5090 ಕಾರ್ಡಿಗೆ 32 ಜಿಬಿ ಮೆಮೊರಿ, 575 ವ್ಯಾಟ್; ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್‌ಗೆ 24 ಜಿಬಿ, 95ರಿಂದ 150 ವ್ಯಾಟ್. ಎಷ್ಟು ವ್ಯಾಟ್ ಕೊಡಬೇಕೆಂಬುದನ್ನು ಲ್ಯಾಪ್‌ಟಾಪ್ ತಯಾರಕರು ನಿರ್ಧರಿಸುತ್ತಾರೆ. ಚಿಪ್ ಅನ್ನು ಬೋರ್ಡಿಗೆ ಬೆಸೆದಿರುವುದರಿಂದ ಮುಂದೆ ಬದಲಿಸಲು ಆಸ್ಪದವಿಲ್ಲ. ಚೆರಿ ಮೂಟೆಯನ್ನು ಔಟ್‌ಟರ್ನ್ ನೋಡದೆ ಕೊಳ್ಳದವರು ಇಲ್ಲಿಯೂ ವ್ಯಾಟ್ ಮತ್ತು ಮೆಮೊರಿಯನ್ನು ಕೇಳಿ ತಿಳಿಯತಕ್ಕದ್ದು. ವರ್ತಕರು ಅವೆರಡನ್ನೂ ಬಿಲ್ಲಿನಲ್ಲಿಯೇ ನಮೂದಿಸಿದರೆ ತಕರಾರಿಗೆ ಎಡೆಯಿರದು.

2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಸರ್ವರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆ ತೀವ್ರವಾಗಿ ಏರಿತು. ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆಯು ಗ್ರಾಹಕರಿಗೆ ಮೆಮೊರಿ ಮಾರುವ ತನ್ನ ಕ್ರೂಷಿಯಲ್ ವ್ಯವಹಾರವನ್ನೇ ಕೈಬಿಡುವುದಾಗಿ ಪ್ರಕಟಿಸಿತು. ಆದುದರಿಂದ ಹೊಸ ಲ್ಯಾಪ್‌ಟಾಪ್‌ಗಳು ಅಗ್ಗವಾಗುವುವೆಂಬ ನಿರೀಕ್ಷೆಗೆ ಆಧಾರ ಕಾಣದು.

ಬೆಲೆ ಏರುವಾಗ ದಾಸ್ತಾನು ಇಟ್ಟವನೇ ಗೆಲ್ಲುವನಲ್ಲವೆ ಎಂದು ಕೇಳಬಹುದು. ಕರಿಮೆಣಸಿಗೆ ಆ ಮಾತು ಸರಿ. ಒಣಗಿಸಿಟ್ಟ ಮೆಣಸು ವರ್ಷ ಕಳೆದರೂ ಮೆಣಸೇ. ಲ್ಯಾಪ್‌ಟಾಪ್ ಹಾಗಲ್ಲ, 2023ರ ಫೆಬ್ರವರಿಯಲ್ಲಿ ಮಾರುಕಟ್ಟೆಗೆ ಬಂದ 40 ಸರಣಿಯು ಎರಡೇ ವರ್ಷಗಳಲ್ಲಿ ಹಳೆಯದೆನಿಸಿತು. ಮೇಲಿನ ದರದ ಐದು ಯಂತ್ರಗಳನ್ನು ತಂದಿಟ್ಟರೆ 8 ಲಕ್ಷಕ್ಕೂ ಮಿಕ್ಕಿದ ಬಂಡವಾಳ ಸಿಕ್ಕಿಕೊಳ್ಳುತ್ತದೆ. ಅದರಲ್ಲಿ ತೆರಿಗೆಯೇ ಸುಮಾರು 1.24 ಲಕ್ಷ, ಇತರ ವಹಿವಾಟು ಕಡಿಮೆಯಿರುವ ಸಣ್ಣ ಅಂಗಡಿಯಲ್ಲಿ ಆ ಜಮೆಯೂ ಬಳಕೆಯಾಗದೆ ಉಳಿಯುತ್ತದೆ.

ಮುಂಗಡ ಪಡೆದು, ದರಪಟ್ಟಿಗೆ ಏಳು ದಿನಗಳ ಅವಧಿ ಹಾಕಿ ತರಿಸುವುದೇ ಲೇಸು. ಎರಡೂ ತಾಲ್ಲೂಕುಗಳ ನಾಲ್ಕಾರು ಅಂಗಡಿಗಳು ತಮ್ಮ ಬೇಡಿಕೆಯನ್ನು ಒಟ್ಟುಗೂಡಿಸಿ ಬೆಂಗಳೂರಿನ ಸಗಟುದಾರರ ಮುಂದಿಟ್ಟರೆ ದರದಲ್ಲಿಯೂ ಪೂರೈಕೆಯಲ್ಲಿಯೂ ಮಾತಿಗೆ ತೂಕ ಬರುತ್ತದೆ. ಇಂಜಿನಿಯರಿಂಗ್ ಪ್ರವೇಶದ ತಿಂಗಳುಗಳು ಬರುವ ಮುನ್ನ ಸಂಸ್ಥೆಯ ಪದಾಧಿಕಾರಿಗಳು ಇದಕ್ಕಾಗಿ ಒಂದು ಸಭೆಯನ್ನು ಕರೆಯಬೇಕೆಂದು ಕೋರುತ್ತೇವೆ.