ಮರದ ಮನೆ ಬೇಡ, ಅಟ್ಟಣೆ ಸಾಕು

ಹಿತ್ತಲಿನ ಮರದ ಮೇಲೆ ಮಕ್ಕಳಿಗೊಂದು ಪುಟ್ಟ ಮನೆ ಕಟ್ಟಿಸಬೇಕೆಂಬ ಆಸೆ ಈಚೆಗೆ ನಮ್ಮ ನಡುವೆ ಬಲವಾಗುತ್ತಿದೆ. ಪುಣೆಯ ಹೊರವಲಯದಲ್ಲಿ ತುಸು ಜಾಗವಿರುವ ಮನೆ ಕೊಂಡವರು, ಊರಿನಲ್ಲಿರುವ ಹಿರಿಯರ ಮನೆಯನ್ನು ದುರಸ್ತಿ ಮಾಡಿಸುತ್ತಿರುವವರು ಈ ಮಾತನ್ನು ಎತ್ತುತ್ತಾರೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ಅವರ ಕಣ್ಣೆದುರಿಗಿರುವ ಮಾದರಿ ರೆಸಾರ್ಟಿನದು: ಗಾಜಿನ ಕಿಟಕಿ, ತಗಡಿನ ಮಾಡು, ವಿದ್ಯುದ್ದೀಪ, ಕಾಂಡದೊಳಕ್ಕೆ ನಾಟಿದ ಕಬ್ಬಿಣ. ಮಕ್ಕಳಿಗೆ ಬೇಕಾದದ್ದು ಇದಲ್ಲ, ಮರ ಹೊರಬಲ್ಲದ್ದೂ ಇದಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಹೊಲಗಳಲ್ಲಿ ಬೇರೆಯೇ ಮಾದರಿಯೊಂದಿದೆ. ಕಾಡಂಚಿನ ರೈತರು ಹಂದಿ, ಆನೆಗಳಿಂದ ಬೆಳೆ ಕಾಯಲು ಮರದ ಕವಲಿನಲ್ಲೋ ನಾಲ್ಕು ಗೂಟಗಳ ಮೇಲೋ ಅಟ್ಟಣೆ ಕಟ್ಟುತ್ತಾರೆ. ಹಕ್ಕಿಗಳನ್ನು ಓಡಿಸಲು ಅದರ ಮೇಲೆ ನಿಂತೇ ಕವಣೆ ಬೀಸುತ್ತಿದ್ದರು. ಬಿದಿರು, ಹುಲ್ಲು, ಹಗ್ಗ ಇವಿಷ್ಟೇ ಅದರ ಸಾಮಗ್ರಿ. ಸುಗ್ಗಿ ಮುಗಿದ ಮೇಲೆ ಅದರ ಕೆಲಸವೂ ಮುಗಿಯಿತು. ಗಳುಗಳು ಬೇರೊಂದು ಉಪಯೋಗಕ್ಕೆ ಹೋದವು. ಅಟ್ಟಣೆ ಮರಕ್ಕೆ ಬಂದ ಅತಿಥಿ, ಅದರ ಒಡೆಯನಲ್ಲ. ನಾವು ಅನುಸರಿಸಬೇಕಾದದ್ದು ಈ ತಿಳಿವಳಿಕೆಯನ್ನು.

ಇದಕ್ಕೆ ಕಾರಣ ಮರದ ಬೆಳವಣಿಗೆಯಲ್ಲೇ ಇದೆ. ಮರ ಎತ್ತರಕ್ಕೆ ಬೆಳೆಯುವುದು ತುದಿಗಳಲ್ಲಿ. ಕಾಂಡ ಬೆಳೆಯುವುದು ಸುತ್ತಳತೆಯಲ್ಲಿ. ಇಂದು ಐದಡಿ ಎತ್ತರದಲ್ಲಿರುವ ಕವಲು ಇಪ್ಪತ್ತು ವರ್ಷಗಳ ನಂತರವೂ ಅಲ್ಲೇ ಇರುತ್ತದೆ, ಆದರೆ ದಪ್ಪವಾಗಿರುತ್ತದೆ. ಕಾಂಡಕ್ಕೆ ಒತ್ತಿ ಕೂರಿಸಿದ ಹಲಗೆ ಕ್ರಮೇಣ ಮರದೊಳಕ್ಕೆ ಹೂತುಹೋಗುತ್ತದೆ. ಎಲೆಗಳು ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಬಿಗಿಯಾಗಿ ಸುತ್ತಿದ ಹಗ್ಗವೋ ತಂತಿಯೋ ಆ ದಾರಿಯನ್ನು ಕತ್ತು ಹಿಸುಕಿದಂತೆ ಅಡ್ಡಗಟ್ಟುತ್ತದೆ. ಬಲಿತ ಮರ ಒಂದೆರಡು ದಪ್ಪ ಬೋಲ್ಟುಗಳನ್ನು ತಾಳಿಕೊಳ್ಳಬಲ್ಲದು. ಅಮೆರಿಕದಲ್ಲಿ ಅದಕ್ಕೆಂದೇ ವಿಶೇಷ ಬೋಲ್ಟುಗಳಿವೆ. ಆದರೆ ನಮ್ಮಲ್ಲಿ ನಡೆಯುವುದು ಕೈಗೆ ಸಿಕ್ಕ ಮೊಳೆಗಳನ್ನೆಲ್ಲ ಒತ್ತೊತ್ತಾಗಿ ಹೊಡೆಯುವ ಕೆಲಸ. ಒಂದೊಂದು ಮೊಳೆಯೂ ಒಂದೊಂದು ಗಾಯ.

ಹಾಗಾದರೆ ಕಟ್ಟುವುದು ಹೇಗೆ? ಭಾರವನ್ನು ಮರದ ಮೇಲೆ ಹೊರಿಸದೆ, ದೊಡ್ಡ ಬೇರುಗಳಿಂದ ದೂರದಲ್ಲಿ ನೆಟ್ಟ ನಾಲ್ಕು ಕಂಬಗಳ ಮೇಲೆ ಹೊರಿಸಬೇಕು. ಗಾಳಿಗೆ ಮರ ತೂಗುವುದರಿಂದ ಹಲಗೆಗೂ ಕಾಂಡಕ್ಕೂ ನಡುವೆ ಎರಡು ಮೂರು ಅಂಗುಲದ ತೆರವಿರಲಿ. ಎತ್ತರ ಐದಾರು ಅಡಿ ಸಾಕು. ಮಗುವಿಗೆ ಅದೇ ಆಕಾಶ. ಸುತ್ತ ಗಟ್ಟಿಯಾದ ಕಟಕಟೆ, ಕೆಳಗೆ ಕಲ್ಲಿಲ್ಲದ ಮೆತ್ತನೆಯ ನೆಲ ಇರಬೇಕು. ಮಾವು, ಹುಣಸೆ, ಹಲಸು ಈ ಸಹವಾಸಕ್ಕೆ ಒಗ್ಗುವ ಮರಗಳು. ನುಗ್ಗೆಯ ಕೊಂಬೆ ಲಟಕ್ಕನೆ ಮುರಿಯುತ್ತದೆ. ಗುಲ್‌ಮೊಹರ್ ಮಳೆಗಾಲದಲ್ಲಿ ಹೇಗೆ ಉರುಳುತ್ತದೆಂದು ಮುಂಬಯಿಯವರಿಗೆ ಹೇಳಬೇಕಾಗಿಲ್ಲ.

ಕಂಬಗಳ ಮೇಲೆ ನಿಂತದ್ದು ಮರದ ಮನೆ ಹೇಗಾದೀತು ಎಂದು ಕೆಲವರು ಕೇಳಬಹುದು. ಮಗು ಕೈಚಾಚಿದರೆ ಎಲೆ ಸಿಗಬೇಕು, ಇರುವೆಯ ಸಾಲು ಕಾಣಬೇಕು, ಗಾಳಿ ಬಂದಾಗ ಕೊಂಬೆಯ ಸದ್ದು ಕೇಳಬೇಕು. ಇಷ್ಟಾದರೆ ಅದು ಮರದ ಮನೆಯೇ. ಇನ್ನು ಬಿದ್ದರೇನು ಗತಿ ಎನ್ನುವವರಿಗೆ ಮರಕೋತಿ ಆಟವನ್ನು ನೆನಪಿಸುತ್ತೇನೆ. ದೂರಕ್ಕೆ ಎಸೆದ ಕೋಲನ್ನು ಕಳ್ಳನಾದವನು ತರುವಷ್ಟರಲ್ಲಿ ಉಳಿದವರು ಮರವೇರಬೇಕಾದ ಆ ಆಟದಲ್ಲಿ, ಯಾವ ಕೊಂಬೆ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂಬ ವಿವೇಕವನ್ನು ಮಕ್ಕಳು ಅಂಗಾಲಿನಿಂದಲೇ ಕಲಿಯುತ್ತಿದ್ದರು. ಈ ವಿವೇಕವಿಲ್ಲದ ಮಗುವಿಗೆ ಸಿದ್ಧಪಡಿಸಿದ ಮರದ ಮನೆ ಕೊಟ್ಟರೆ ನಾವು ಕೊಟ್ಟದ್ದು ಇನ್ನೊಂದು ಕೋಣೆ ಮಾತ್ರ. ಆದ್ದರಿಂದ ಮೊದಲು ಮರ ಹತ್ತಲು ಕಲಿಸೋಣ; ಆಮೇಲೆ ಕಟ್ಟೋಣ, ಅದೂ ಮಕ್ಕಳ ಕೈಯಿಂದಲೇ ಹಗ್ಗ ಬಿಗಿಸಿ.

ಕಾನೂನಿನ ಮಾತೂ ಇದೆ. ಮಹಾರಾಷ್ಟ್ರದ ನಗರಗಳ ಮರಗಳಿಗೆ ರಕ್ಷಣೆ ನೀಡುವ ಕಾಯಿದೆ 1975ರಷ್ಟು ಹಳೆಯದು. ಕರ್ನಾಟಕದ ವೃಕ್ಷ ಸಂರಕ್ಷಣಾ ಕಾಯಿದೆ 1976ರದು. ಮರ ನಮ್ಮ ಹಿತ್ತಲಿನಲ್ಲಿದ್ದ ಮಾತ್ರಕ್ಕೆ ನಾವು ಮಾಡಿದ್ದೇ ಸರಿಯೆಂದಲ್ಲ. ಇದೇ ಪುಣೆಯ ರಸ್ತೆಬದಿಯ ಮರಗಳಿಂದ ಜಾಹೀರಾತಿನ ಮೊಳೆಗಳನ್ನು ಸ್ವಯಂಸೇವಕರು ಒಂದೊಂದಾಗಿ ಕಿತ್ತಿದ್ದಾರೆ. ಅದನ್ನು ಮೆಚ್ಚಿಕೊಂಡ ನಾವು ನಮ್ಮ ಮಾವಿನ ಮರಕ್ಕೆ ಸುತ್ತಿಗೆ ಎತ್ತುವುದು ತರವಲ್ಲ.

ಮಕ್ಕಳು ಅಟ್ಟಣೆ ಏರುವುದು ಐದಾರು ವರ್ಷ. ಆಮೇಲೆ ಅವರ ಲೋಕ ಬೇರೆಯಾಗುತ್ತದೆ. ಮರವಾದರೋ ನಮ್ಮೆಲ್ಲರ ನಂತರವೂ ನಿಂತಿರಬೇಕಾದದ್ದು. ಕಟ್ಟುವ ದಿನವೇ ಬಿಚ್ಚುವ ದಿನದ ಯೋಚನೆಯೂ ಇರಲಿ. ಬಿಚ್ಚಿದ ಮೇಲೆ ತೊಗಟೆಯ ಮೇಲೆ ನಮ್ಮ ಗುರುತು ಉಳಿಯದಿದ್ದರೆ, ಆ ಕೆಳಗಿನ ಕವಲು ಮುಂದಿನ ತಲೆಮಾರಿನ ಮಕ್ಕಳಿಗೂ ಅದೇ ಐದಡಿ ಎತ್ತರದಲ್ಲಿ ಸಿಗುತ್ತದೆ.